ಕೊನೆಯ ಎರಡು ನಿಮಿಷ ನಾನೂ ನೋಡಬೇಕು: ಮಾರ್ಚ್ ಪಂದ್ಯಗಳಿಗೆ ಏನು ಅಡುಗೆ ಮಾಡಲಿ?

ಸಬ್ಸಿಗೆ_ಸೊಪ್ಪು
ಎಲ್ಲರಿಗೂ ನಮಸ್ಕಾರ. ನಾವಿರೋದು ನಾರ್ತ್ ಕ್ಯಾರೊಲೈನಾದ ಡರಮ್‌ನಲ್ಲಿ. ಮಾರ್ಚ್ ಬಂತು ಅಂದರೆ ಇಲ್ಲಿ ಎಲ್ಲರ ಬಾಯಲ್ಲೂ ಕಾಲೇಜ್ ಬ್ಯಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಟೂರ್ನಿ. ಡ್ಯೂಕ್ ಯೂನಿವರ್ಸಿಟಿ ನಮ್ಮೂರಲ್ಲೇ ಇದೆ. ಚಾಪೆಲ್ ಹಿಲ್‌ನ ಯೂನಿವರ್ಸಿಟಿ ಹತ್ತು ಮೈಲಿ ಆಚೆ. ಎನ್‌ಸಿ ಸ್ಟೇಟ್ (ನಾರ್ತ್ ಕ್ಯಾರೊಲೈನಾ ಸ್ಟೇಟ್ ಯೂನಿವರ್ಸಿಟಿ) ಪಕ್ಕದ ರಾಲಿಯಲ್ಲಿ. ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗನೂ ನೀವು ಯಾವ ಕಡೆ ಅಂತ ಕೇಳುತ್ತಾನೆ.

ನನಗೆ ಇದು ಇಲ್ಲಿಗೆ ಬಂದ ಮೇಲೆ ಹಿಡಿದ ಹುಚ್ಚಲ್ಲ. ಮೈಸೂರಲ್ಲಿ ಕಾಲೇಜ್ ಟೀಮಿನಲ್ಲಿ ಮೂರು ವರ್ಷ ಆಡಿದ್ದೇನೆ. ಸಿಮೆಂಟ್ ಕೋರ್ಟು, ಬಲೆಯಿಲ್ಲದ ರಿಂಗು. ಮಳೆ ಬಂದರೆ ಪೊರಕೆ ಹಿಡಿದು ನೀರು ಗುಡಿಸಿ ಆಡುತ್ತಿದ್ದೆವು.

ತೊಂದರೆ ಏನು ಅಂದರೆ, ಮನೆಯಲ್ಲಿ ಅಡುಗೆ ಮಾಡುವವಳೂ ನಾನೇ, ಆಟದ ಹುಚ್ಚು ಇರುವವಳೂ ನಾನೇ. ಹೋದ ವರ್ಷ ಒಂದು ರಾತ್ರಿ ಪಂದ್ಯ. ಎರಡು ನಿಮಿಷ ಬಾಕಿ, ಮೂರು ಪಾಯಿಂಟ್ ಅಂತರ. ಮಕ್ಕಳಿಗೆ ಹಸಿವು. ಒಂದು ರೊಟ್ಟಿ ಹಾಕಿ ಬರೋಣ ಅಂತ ಒಳಗೆ ಹೋದೆ. ಸಬ್ಸಿಗೆ ಸೊಪ್ಪು, ಈರುಳ್ಳಿ ಹಾಕಿ ಕಲಸಿದ ಅಕ್ಕಿ ಹಿಟ್ಟು. ಬಾಣಲೆಗೆ ಎಣ್ಣೆ ಸವರಿ, ಉಂಡೆ ಇಟ್ಟು, ಕೈ ಒದ್ದೆ ಮಾಡಿಕೊಂಡು ತಟ್ಟಿದೆ. ನಡುವೆ ಬೆರಳಲ್ಲಿ ಮೂರು ತೂತು. ಮುಚ್ಚಳ ಮುಚ್ಚಿದೆ. ಅಂಚು ಇನ್ನೂ ಎದ್ದಿರಲಿಲ್ಲ, ಹಾಲ್‌ನಿಂದ ಕೂಗು. ಓಡಿ ಬಂದೆ. ಫೌಲ್ ಅಷ್ಟೇ. ನಿಂತು ನೋಡಿದೆ. ಇನ್ನೊಂದು ಫೌಲ್. ಟೈಮ್‌ಔಟ್. ರೊಟ್ಟಿ ನೆನಪಾಗಿ ಓಡುವಷ್ಟರಲ್ಲಿ ಅದು ಸೀದು ಕರಿಯಾಗಿ, ಹೊಗೆ ಅಲಾರಂ ಹೊಡೆದುಕೊಳ್ಳುತ್ತಿತ್ತು. ಟವೆಲ್ ಬೀಸಿ ಅದನ್ನು ಸುಮ್ಮನಾಗಿಸುವಾಗ ಗೆಲುವಿನ ಶಾಟ್ ಬಿತ್ತು. ಆಮೇಲೆ ರಿಪ್ಲೇ ನೋಡಿದೆ. ಅದು ನೋಡಿದ ಹಾಗಲ್ಲ, ಅಲ್ವಾ?

ಈ ವರ್ಷ ಇನ್ನೊಂದು ವಿಷಯ ಸೇರಿದೆ. ಮಾವ ಊರಿಂದ ಬಂದಿದ್ದಾರೆ. ರಾತ್ರಿ ಒಂಬತ್ತಕ್ಕೆ ಮೊಮ್ಮಗನ ಜೊತೆ ಕೂತು ಸ್ಟಾರ್ ಟ್ರೆಕ್ ಅನ್ನೋ ಬಾಹ್ಯಾಕಾಶದ ಸರಣಿಯ ‘ಡೀಪ್ ಸ್ಪೇಸ್ ನೈನ್’ ಒಂದು ಕಂತು ನೋಡೋದು ಅವರ ನಿಯಮ. ಟೀವಿ ಒಂದೇ. ಯಾವ ಅಡುಗೆ ಮಾಡಿದರೆ ನಾನು ಎರಡನೇ ಹಾಫ್ ಪೂರ್ತಿ ಕೂತು ನೋಡಬಹುದು? ಮಾವನಿಗೆ ಬೇಜಾರಾಗದ ಹಾಗೆ ಟೀವಿ ಹೇಗೆ ಹಂಚಿಕೊಳ್ಳಲಿ? ಹೇಳಿ.

ಉಳ್ಳಾಗಡ್ಡಿ
ಅಕ್ಕಾ, ಗಿರ್ಮಿಟ್ ಮಾಡ್ರಿ. ಬ್ಯಾರೆ ಮಾತೇ ಇಲ್ಲ.

ಕೆನ್ಸಸ್_ಕನ್ನಡಿಗ
ಎರಡು ನಿಮಿಷವನ್ನು ಎರಡು ನಿಮಿಷ ಅಂತ ನಂಬಿದ್ದೇ ತಪ್ಪಾಗಿದ್ದು. ಪಂದ್ಯ ಬಿಗಿಯಾಗಿದ್ದರೆ ಆ ಎರಡು ನಿಮಿಷಕ್ಕೆ ಕಾಲು ಗಂಟೆ ಆರಾಮಾಗಿ ಹಿಡಿಯುತ್ತದೆ. ಹಿಂದಿರುವ ಟೀಮು ಗಡಿಯಾರ ನಿಲ್ಲಿಸೋಕೆ ಬೇಕಂತಲೇ ಫೌಲ್ ಮಾಡುತ್ತದೆ. ಎದುರಿನವರು ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) ತಪ್ಪಿಸಿದರೆ ಚೆಂಡು ವಾಪಸ್ ಸಿಗುತ್ತದೆ ಅನ್ನುವ ಆಸೆ. ಜೊತೆಗೆ ಕೂಡಿಟ್ಟ ಟೈಮ್‌ಔಟ್‌ಗಳು, ಅಂದರೆ ಟೀಮು ಕೇಳಿ ಪಡೆಯುವ ವಿರಾಮಗಳು. ಪುರುಷರ ಆಟದಲ್ಲಿ ಕೊನೆಯ ಒಂದು ನಿಮಿಷದಲ್ಲಿ ಬುಟ್ಟಿಗೆ ಬಿದ್ದಾಗಲೂ ಗಡಿಯಾರ ನಿಲ್ಲುತ್ತದೆ.

ನಿಮಗೆ ಉಪಯೋಗಕ್ಕೆ ಬರುವ ವಿಷಯ ಬೇರೆ ಇದೆ. ಹಾಫ್ 20 ನಿಮಿಷದ್ದು. ಅದರಲ್ಲಿ 16, 12, 8, 4 ನಿಮಿಷ ಬಾಕಿ ಇರುವಾಗ, ಆಮೇಲೆ ಆಟ ನಿಂತ ಕೂಡಲೇ ಜಾಹೀರಾತಿನ ವಿರಾಮ ಬರುತ್ತದೆ. ಅಂದರೆ ಒಂದು ಹಾಫ್‌ಗೆ ನಾಲ್ಕು ಸಲ ಅಡುಗೆಮನೆಗೆ ಹೋಗಿ ಬರಬಹುದು. ನಡುವಿನ ಹಾಫ್‌ಟೈಮ್ ಕಾಲು ಗಂಟೆಗೆ ಕಡಿಮೆಯಿಲ್ಲ. ಅಷ್ಟರಲ್ಲಿ ಅನ್ನ ಆಗುತ್ತದೆ.

ಪುಟ್ಟಮ್ಮನ_ಮೊಮ್ಮಗಳು
ಬಿಸಿಬೇಳೆ ಬಾತ್. ಆಟ ಶುರುವಾಗುವ ಮುಂಚೆ ಮುಗಿಸಿ ಇಟ್ಟುಬಿಡಿ. ಕೂತಷ್ಟೂ ರುಚಿ. ಪುಡಿ ಮನೆಯಲ್ಲೇ ಹುರಿದು ಮಾಡಿ: ಕಡಲೆಬೇಳೆ, ಉದ್ದಿನಬೇಳೆ, ಧನಿಯ, ಚಕ್ಕೆ, ಲವಂಗ, ಮರಾಠಿ ಮೊಗ್ಗು, ಕೊಬ್ಬರಿ, ಬ್ಯಾಡಗಿ ಮೆಣಸು. ಬ್ಯಾಡಗಿ ಆದರೆ ಬಣ್ಣ ಬರುತ್ತದೆ, ಖಾರ ಏರೋದಿಲ್ಲ. ಮಕ್ಕಳೂ ತಿನ್ನುತ್ತಾರೆ.

ಫ್ರೀಥ್ರೋ
ಬಿಸಿಬೇಳೆ ಬಾತ್ ಕೂತರೆ ರುಚಿ ಅನ್ನೋದನ್ನ ನಾನು ಒಪ್ಪಲ್ಲ. ಹೆಸರಲ್ಲೇ ಬಿಸಿ ಇದೆ. ಒಂದು ಗಂಟೆ ಬಿಟ್ಟರೆ ಸೌಟು ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗುತ್ತದೆ.

ಪುಟ್ಟಮ್ಮನ_ಮೊಮ್ಮಗಳು
@ಫ್ರೀಥ್ರೋ ಅದಕ್ಕೇ ಮೊದಲೇ ಸ್ವಲ್ಪ ನೀರಾಗಿ ಇಳಿಸಬೇಕು. ಬಡಿಸುವಾಗ ಒಂದು ಲೋಟ ಕುದಿಯುವ ನೀರು, ಒಂದು ಚಮಚ ತುಪ್ಪ ಹಾಕಿ ತಿರುವಿದರೆ ಮೊದಲಿನ ಹದಕ್ಕೆ ಬರುತ್ತದೆ. ತಣ್ಣೀರು ಹಾಕಬೇಡಿ, ಬೇಳೆ ಬೇರೆ ನೀರು ಬೇರೆ ಆಗುತ್ತದೆ. ನಮ್ಮಜ್ಜಿ ಮದುವೆ ಮನೆಗಳಲ್ಲಿ ಹೀಗೇ ಮಾಡುತ್ತಿದ್ದರು.

ಬಾಹ್ಯಾಕಾಶಿ
ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಸ್ಟಾರ್ ಟ್ರೆಕ್ ಮೊದಲು ನೋಡಿದ್ದು ದೂರದರ್ಶನದಲ್ಲೇ ಇರಬೇಕು. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿತ್ತು. 1966ರಲ್ಲಿ ಅಮೆರಿಕದಲ್ಲಿ ಶುರುವಾದ ಹಳೇ ಸರಣಿ, 79 ಕಂತು, ಮೂರು ಸೀಸನ್‌ಗೆ ನಿಲ್ಲಿಸಿಬಿಟ್ಟಿದ್ದರು. ನಮ್ಮ ಬೀದಿಯಲ್ಲಿ ಎರಡೇ ಟೀವಿ. ನಾವು ಹತ್ತು ಹುಡುಗರು ಪಕ್ಕದ ಮನೆ ಕಿಟಕಿ ಸರಳು ಹಿಡಿದು ನೋಡುತ್ತಿದ್ದೆವು. ಇಂಗ್ಲಿಷ್ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಸ್ಪಾಕ್ ಅನ್ನೋ ಪಾತ್ರದ ಚೂಪು ಕಿವಿ ಸಾಕಾಗಿತ್ತು.

ಡೀಪ್ ಸ್ಪೇಸ್ ನೈನ್ (1993–1999) ನಿಮ್ಮ ಮನೆಗೆ ಸರಿಯಾದ ಸರಣಿ. ಅದರ ನಾಯಕ ಸಿಸ್ಕೊ ಅಡುಗೆ ಮಾಡುವ ಮನುಷ್ಯ. ಅವನ ಅಪ್ಪ ನ್ಯೂ ಆರ್ಲಿಯನ್ಸ್‌ನಲ್ಲಿ ಹೋಟೆಲ್ ನಡೆಸುತ್ತಾನೆ. ಬೇಕಾದ್ದನ್ನು ಕ್ಷಣದಲ್ಲಿ ಮಾಡಿಕೊಡುವ ರೆಪ್ಲಿಕೇಟರ್ ಯಂತ್ರ ಎಲ್ಲ ಕಡೆ ಇದ್ದರೂ ಅಪ್ಪ ಮಗ ಇಬ್ಬರೂ ತರಕಾರಿ ಹೆಚ್ಚಿ, ಒಲೆ ಹಚ್ಚಿ ಅಡುಗೆ ಮಾಡುತ್ತಾರೆ. ಸಿಸ್ಕೊಗೆ ಆಟದ ಹುಚ್ಚೂ ಇದೆ, ಆದರೆ ಬೇಸ್‌ಬಾಲ್. ಒಂದು ಕಂತಿನಲ್ಲಿ ಇವನ ಟೀಮು ವಲ್ಕನ್ ಅನ್ನೋ ಅನ್ಯಗ್ರಹದವರ ಕೈಲಿ 10–1ರಲ್ಲಿ ಸೋಲುತ್ತದೆ. ಸೋತವರು ಆ ಒಂದು ರನ್ನಿಗೆ ಹಬ್ಬ ಮಾಡುತ್ತಾರೆ. ಮಾವನವರಿಗೆ ಆ ಕಂತು ತೋರಿಸಿ. ಏಳನೇ ಸೀಸನ್.

ಕೆನ್ಸಸ್_ಕನ್ನಡಿಗ
ಬ್ಯಾಸ್ಕೆಟ್‌ಬಾಲ್ ಇರುವ ವೈಜ್ಞಾನಿಕ ಸರಣಿ ಯಾವುದೂ ಇಲ್ವಾ?

ಬಾಹ್ಯಾಕಾಶಿ
ಹತ್ತಿರದ್ದು ಇದೆ. ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಹೊಸ ಸರಣಿಯಲ್ಲಿ ಪಿರಮಿಡ್ ಅನ್ನೋ ಆಟ. ಚೆಂಡು ಹಿಡಿದು ಎದುರಾಳಿಯನ್ನು ದಾಟಿ ಗುರಿಗೆ ಎಸೆಯೋದು. ಆಂಡರ್ಸ್ ಅನ್ನೋನು ಅದರ ವೃತ್ತಿ ಆಟಗಾರ. ಒಂದು ಸ್ವಾರಸ್ಯ ಗೊತ್ತಾ? 1978ರ ಹಳೇ ಸರಣಿಯಲ್ಲಿ ಪಿರಮಿಡ್ ಅಂದರೆ ಇಸ್ಪೀಟಾಟ, ಚೆಂಡಾಟದ ಹೆಸರು ಟ್ರಯಾಡ್. ಹೊಸದರಲ್ಲಿ ಎರಡೂ ಹೆಸರು ಅದಲುಬದಲಾಗಿವೆ.

ಗೊಜ್ಜವಲಕ್ಕಿ
ಎಲ್ಲರೂ ರೆಸಿಪಿ ಹೇಳುತ್ತಿದ್ದೀರಿ. ಒಬ್ಬರಾದರೂ ಕೇಳಿದಿರಾ, ಮನೆಯ ಉಳಿದವರು ಆ ಹೊತ್ತಿಗೆ ಏನು ಮಾಡುತ್ತಿರುತ್ತಾರೆ ಅಂತ? ಅವರು ಮೂರು ವರ್ಷ ಟೀಮಿನಲ್ಲಿ ಆಡಿದವರು. ಆ ಮನೆಯಲ್ಲಿ ಆಟ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರೋದು ಅವರಿಗೆ. ಅವರೇ ರೊಟ್ಟಿ ತಟ್ಟುತ್ತಾ ಶಾಟ್ ತಪ್ಪಿಸಿಕೊಂಡರು. ಇದು ಅಡುಗೆಯ ಪ್ರಶ್ನೆಯೇ ಅಲ್ಲ.

ಫ್ರೀಥ್ರೋ
@ಗೊಜ್ಜವಲಕ್ಕಿ ಅವರು ಕೇಳಿದ್ದು ಏನು ಅಡುಗೆ ಅಂತ. ಮನೆ ವಿಷಯ ನಮಗ್ಯಾಕೆ?

ಗೊಜ್ಜವಲಕ್ಕಿ
@ಫ್ರೀಥ್ರೋ ಅವರು ಬರೆದ ಮೊದಲ ಸಾಲು ಇನ್ನೊಂದು ಸಲ ಓದಿ. "ಅಡುಗೆ ಮಾಡುವವಳೂ ನಾನೇ, ಆಟದ ಹುಚ್ಚು ಇರುವವಳೂ ನಾನೇ." ಪ್ರಶ್ನೆ ಅಲ್ಲೇ ಇದೆ.

ಫ್ರೀಥ್ರೋ
ಅದು ಮೊದಲ ಸಾಲಲ್ಲ, ಮೂರನೇ ಪ್ಯಾರಾ. ಆದರೆ ನೀವು ಹೇಳಿದ್ದು ಸರಿ.

ಸಬ್ಸಿಗೆ_ಸೊಪ್ಪು
ಜಗಳ ಬೇಡ. ನಮ್ಮವರಿಗೆ ಆ ವಾರ ರಾತ್ರಿ ಪಾಳಿ. ಮನೆಯಲ್ಲಿದ್ದರೆ ಪಾತ್ರೆ ಅವರದೇ. ಆದರೆ ಗೊಜ್ಜವಲಕ್ಕಿ ಅವರ ಮಾತು ಮನಸ್ಸಿಗೆ ನಾಟಿತು. ಮಗಳಿಗೆ ಹದಿನಾರು, ಮಗನಿಗೆ ಹದಿಮೂರು. ಈರುಳ್ಳಿ ಹೆಚ್ಚೋಕೆ ಅವರಿಗೆ ನಾನೇ ಯಾವತ್ತೂ ಹೇಳಿಲ್ಲ. ಮಾವನಿಗೆ ಹೇಳೋಕಂತೂ ಬಾಯೇ ಬರಲ್ಲ.

ಕೊಡೆಕಲ್ಲು
ರೆಪ್ಲಿಕೇಟರ್ ಮಾತು ಬಂದಿದ್ದರಿಂದ ಹೇಳುತ್ತೇನೆ. ಯಂತ್ರದಿಂದ ಬಂದ ತಿಳಿಸಾರಿಗೆ ಕೈರುಚಿ ಎಲ್ಲಿಂದ ಬರಬೇಕು? ಇಂಗಿನ ಒಗ್ಗರಣೆ ಚಟಪಟ ಅನ್ನೋದು, ಆ ಘಮ ಮಹಡಿಗೆ ಹೋಗೋದು, ಅದನ್ನು ಕೇಳಿ ಮಕ್ಕಳು ಇಳಿದು ಬರೋದು. ಅದೆಲ್ಲ ಸೇರಿಯೇ ಸಾರು. ಸ್ಟಾರ್ ಟ್ರೆಕ್‌ನ ಇನ್ನೊಂದು ಸರಣಿಯ ಕ್ಯಾಪ್ಟನ್ ಪಿಕಾರ್ಡ್ ಯಂತ್ರದ ಮುಂದೆ ನಿಂತು ಟೀ ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ.

ಗೊಜ್ಜವಲಕ್ಕಿ
@ಕೊಡೆಕಲ್ಲು ನಮ್ಮಮ್ಮನಿಗೆ ಎಪ್ಪತ್ತಾರು. ಬೆರಳ ಗಂಟುಗಳು ಊದಿಕೊಂಡಿವೆ. ಕುಕ್ಕರ್ ಮುಚ್ಚಳ ತಿರುಗಿಸೋಕೆ ಎರಡೂ ಕೈ ಬೇಕು. ಐವತ್ತು ವರ್ಷ ದಿನಕ್ಕೆ ಮೂರು ಹೊತ್ತು ಬೇಯಿಸಿದ್ದಾರೆ. ಅವರ ಮುಂದೆ ಆ ಯಂತ್ರ ಇಟ್ಟರೆ ನಾಳೆಯೇ ಒಲೆ ಆರಿಸುತ್ತಾರೆ, ಖುಷಿಯಾಗಿ. ಕೈರುಚಿ ಅಂತ ಹೊಗಳುವವರು ಯಾರೂ ಆ ಕೈ ಹಿಡಿದು ನೋಡಿಲ್ಲ.

ಕೊಡೆಕಲ್ಲು
@ಗೊಜ್ಜವಲಕ್ಕಿ ಅಮ್ಮನವರ ವಿಷಯ ಓದಿ ಸುಮ್ಮನಾದೆ. ನಾನು ಊಟ ಮಾಡುವವನ ಕಡೆಯಿಂದ ಮಾತ್ರ ನೋಡಿದ್ದೆ.

ಬಾಹ್ಯಾಕಾಶಿ
ಇಬ್ಬರ ಮಾತೂ ಸ್ಟಾರ್ ಟ್ರೆಕ್‌ನಲ್ಲೇ ಇದೆ. ಪಿಕಾರ್ಡ್ ಫ್ರಾನ್ಸಿನ ತನ್ನ ಊರಿಗೆ ಹೋಗುವ ಒಂದು ಕಂತಿದೆ. ಅಣ್ಣ ಅಲ್ಲಿ ದ್ರಾಕ್ಷಿ ತೋಟ ನೋಡಿಕೊಂಡಿದ್ದಾನೆ. ಅವನ ಮನೆಯಲ್ಲಿ ರೆಪ್ಲಿಕೇಟರ್ ಇಲ್ಲ, ಊಟ ಒಲೆಯ ಮೇಲೇ ಆಗಬೇಕು. ಅಡುಗೆ ಮಾಡೋದು ಮಾತ್ರ ಅತ್ತಿಗೆ. ಸಿಸ್ಕೊನಲ್ಲಿ ನನಗೆ ಇಷ್ಟವಾಗೋದು ಇದೇ. ಕೈಯಡುಗೆ ಬೇಕು ಅನ್ನೋನು ತಾನೇ ಸೌಟು ಹಿಡಿಯುತ್ತಾನೆ.

ರಾಲಿ_ರಾಯರು
ಎನ್‌ಸಿ ಸ್ಟೇಟ್ ಹೆಸರು ಬಂತು, ಸುಮ್ಮನಿರೋಕಾಗಲ್ಲ. 1983, ಇದೇ ಟೂರ್ನಿಯ ಫೈನಲ್. ಜಿಮ್ ವಾಲ್ವಾನೊ ನಮ್ಮ ಕೋಚ್. ಎದುರಿಗೆ ಹ್ಯೂಸ್ಟನ್, ಅದರಲ್ಲಿ ಒಲಾಜುವಾನ್, ಡ್ರೆಕ್ಸ್‌ಲರ್ ಅಂಥವರು. ಎನ್‌ಸಿ ಸ್ಟೇಟ್ ಗೆಲ್ಲುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ. 52–52. ನಮ್ಮ ವಿಟನ್‌ಬರ್ಗ್ ದೂರದಿಂದ ಎಸೆದ ಚೆಂಡು ರಿಂಗಿನವರೆಗೂ ಬರಲಿಲ್ಲ. ಕೆಳಗಿದ್ದ ನಮ್ಮವನೇ ಲೊರೆಂಜೊ ಚಾರ್ಲ್ಸ್ ಗಾಳಿಯಲ್ಲೇ ಹಿಡಿದು ಒಳಗೆ ತುರುಕಿದ. 54–52. ವಾಲ್ವಾನೊ ಅಪ್ಪಿಕೊಳ್ಳೋಕೆ ಯಾರೂ ಸಿಗದೆ ಕೋರ್ಟ್ ತುಂಬ ಓಡಾಡಿದ್ದನ್ನು ಇಲ್ಲಿ ಇವತ್ತಿಗೂ ತೋರಿಸುತ್ತಾರೆ.

ಅದು ಏಪ್ರಿಲ್. ಅದೇ ವರ್ಷ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಕಪಿಲ್ ಕಪ್ ಎತ್ತಿದರು. ನಮ್ಮ ರೋಜರ್ ಬಿನ್ನಿ 18 ವಿಕೆಟ್, ಆ ಟೂರ್ನಿಯಲ್ಲಿ ಎಲ್ಲರಿಗಿಂತ ಜಾಸ್ತಿ. ಕಿರ್ಮಾನಿ ವಿಕೆಟ್ ಹಿಂದೆ. ಹ್ಯೂಸ್ಟನ್ ಕಥೆ ಕೇಳಿದಾಗೆಲ್ಲ ನನಗೆ ಆ ರಾತ್ರಿಯ ರೇಡಿಯೊ ನೆನಪಾಗುತ್ತದೆ.

ಕೆನ್ಸಸ್_ಕನ್ನಡಿಗ
ಈ ಟೂರ್ನಿಯ ಸೊಗಸೇ ಅದು. ಒಂದು ಸೋತರೆ ಮನೆಗೆ. 68 ಟೀಮು. 2018ರಲ್ಲಿ ಯುಎಂಬಿಸಿ ಅನ್ನೋ ಹದಿನಾರನೇ, ಅಂದರೆ ಕಟ್ಟಕಡೆಯ ಶ್ರೇಯಾಂಕದ ಟೀಮು ಒಂದನೇ ಶ್ರೇಯಾಂಕದ ವರ್ಜೀನಿಯಾವನ್ನು 74–54ರಲ್ಲಿ ಹೊಡೆಯಿತು. ಅಂಥದ್ದು ಅದೇ ಮೊದಲು. ಮರುವರ್ಷ ಅದೇ ವರ್ಜೀನಿಯಾ ಚಾಂಪಿಯನ್.

ಮೂಲೆಯ_ಶಾಟ್
ಅದೇ ಮೊದಲು ಅನ್ನಬೇಡಿ. ಪುರುಷರಲ್ಲಿ ಮೊದಲು. ಮಹಿಳೆಯರಲ್ಲಿ ಹಾರ್ವರ್ಡ್ 1998ರಲ್ಲೇ ಸ್ಟ್ಯಾನ್‌ಫರ್ಡ್‌ಗೆ ಮಾಡಿ ತೋರಿಸಿದೆ. ಇಪ್ಪತ್ತು ವರ್ಷ ಮುಂಚೆ. ಪ್ರತಿ ಸಲ ಇದನ್ನು ಮರೆಯುತ್ತಾರೆ, ಪ್ರತಿ ಸಲ ಹೇಳಬೇಕಾಗುತ್ತದೆ.

ಸಬ್ಸಿಗೆ ಅಕ್ಕ, ನೀವು ಮಹಿಳೆಯರ ಪಂದ್ಯ ಯಾಕೆ ನೋಡಬಾರದು? ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಕ್ವಾರ್ಟರ್‌ಗಳ ನಡುವೆಯೂ ವಿರಾಮ ಸಿಗುತ್ತದೆ, ಅಡುಗೆಗೆ ಅನುಕೂಲ. ಆಟವೂ ಚೆನ್ನ. 2024ರಲ್ಲಿ ಸೌತ್ ಕ್ಯಾರೊಲೈನಾ ಮತ್ತು ಕೇಟ್ಲಿನ್ ಕ್ಲಾರ್ಕ್ ಇದ್ದ ಅಯೋವಾ ಆಡಿದ ಫೈನಲ್ಲನ್ನು ಪುರುಷರ ಫೈನಲ್‌ಗಿಂತ ಜಾಸ್ತಿ ಜನ ನೋಡಿದರು.

ಕೆನ್ಸಸ್_ಕನ್ನಡಿಗ
@ಮೂಲೆಯ_ಶಾಟ್ ಒಪ್ಪಿದೆ, ತಿದ್ದಿಕೊಂಡೆ.

ಸಬ್ಸಿಗೆ_ಸೊಪ್ಪು
@ಮೂಲೆಯ_ಶಾಟ್ ನೋಡುತ್ತೇನೆ, ಬಿಡೋದೇ ಇಲ್ಲ. 2017ರಲ್ಲಿ ಊರಿಗೆ ಹೋದಾಗ ಬೆಂಗಳೂರಲ್ಲಿ ಮಹಿಳೆಯರ ಏಷ್ಯಾ ಕಪ್ ನಡೀತಿತ್ತು. ಬಿ ಡಿವಿಜನ್ ಫೈನಲ್‌ನಲ್ಲಿ ನಮ್ಮವರು ಕಜಕಸ್ತಾನವನ್ನು 75–73ರಲ್ಲಿ ಸೋಲಿಸಿದರು. ಎರಡೇ ಪಾಯಿಂಟ್. ಮನೆಯಲ್ಲಿ ಒಬ್ಬಳೇ ಕೂಗಾಡಿದೆ. ಮಗಳು ಆಗ ಪುಟ್ಟವಳು, ಹೆದರಿ ಅಳೋಕೆ ಶುರು ಮಾಡಿದಳು.

ದೋಸೆಪ್ರಿಯ
ಮಧ್ಯೆ ಒಂದು ಪ್ರಶ್ನೆ. ಶಿಕಾಗೊದಲ್ಲಿ ಈ ಚಳಿಗೆ ದೋಸೆ ಹಿಟ್ಟು ಹುಳಿಯೇ ಬರ್ತಿಲ್ಲ. ಏನು ಮಾಡಲಿ?

ಪುಟ್ಟಮ್ಮನ_ಮೊಮ್ಮಗಳು
ಓವನ್ ಹಚ್ಚಬೇಡಿ, ಒಳಗಿನ ಲೈಟ್ ಮಾತ್ರ ಹಾಕಿ ಪಾತ್ರೆ ಇಡಿ. ಆ ಬಲ್ಬಿನ ಶಾಖ ಸಾಕು. ರುಬ್ಬುವಾಗ ಒಂದು ಚಮಚ ಮೆಂತ್ಯ. ಕೈಯಲ್ಲೇ ಕಲಸಿ. ಪಾತ್ರೆ ಅರ್ಧ ಖಾಲಿ ಇರಲಿ, ಉಕ್ಕುತ್ತದೆ.

ಉಳ್ಳಾಗಡ್ಡಿ
ನಾ ಹೇಳಿದ್ದು ಎಲ್ಲರೂ ಮರೆತೇ ಬಿಟ್ಟಿರಿ. ಪೂರ್ತಿ ಹೇಳತೀನಿ, ಕೇಳ್ರಿ. ಗಿರ್ಮಿಟ್‌ನ ಗೊಜ್ಜು ಬೆಳಿಗ್ಗೆಯೇ ಮಾಡಿ ಇಡಬಹುದು. ಎಣ್ಣೆ ಸ್ವಲ್ಪ ಜಾಸ್ತಿ. ಸಾಸಿವೆ, ಜೀರಿಗೆ, ಕರಿಬೇವು, ಹಸಿ ಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊ, ಅರಿಶಿನ. ಮೆತ್ತಗಾದ ಮೇಲೆ ಹುಣಸೆ ರಸ, ಬೆಲ್ಲ, ಉಪ್ಪು. ಎಣ್ಣೆ ಬಿಡುವವರೆಗೂ ಕುದಿಸಬೇಕು. ತಿನ್ನುವ ಹೊತ್ತಿಗೆ ದೊಡ್ಡ ಬೋಗುಣಿಯಲ್ಲಿ ಚುರುಮುರಿ ಸುರುವಿ, ಗೊಜ್ಜು ಹಾಕಿ, ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ ಕೈಯಲ್ಲಿ ಕಲಸಬೇಕು. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಒಂದು ಜಾಹೀರಾತು ಮುಗಿಯೋದರೊಳಗ ತಟ್ಟೆ ಕೈಯಾಗ. ಒಲೆ ಬೇಡ, ಹೊಗೆ ಬೇಡ, ಅಲಾರಂ ಬೇಡ.

ಫ್ರೀಥ್ರೋ
ಚುರುಮುರಿ ಅಂದರೆ ಕಲಸಿದ ತಿಂಡಿ ಅಲ್ವಾ? ನೀವು ಹೇಳ್ತಿರೋದು ಕಡ್ಲೆಪುರಿ.

ಉಳ್ಳಾಗಡ್ಡಿ
ಕಡ್ಲೆಪುರಿ ನಿಮ್ಮ ಮೈಸೂರು ಕಡೆ. ನಮ್ಮಲ್ಲಿ ಚುರುಮುರಿ ಅಂದರ ಚುರುಮುರಿನೇ.

ದಾವಣಗೆರೆ_ಬೆಣ್ಣೆ
ಇಬ್ಬರೂ ತಪ್ಪು. ಅದು ಮಂಡಕ್ಕಿ. ಊರಲ್ಲಿ ಮಂಡಕ್ಕಿ ಭಟ್ಟಿಗಳನ್ನು ನೋಡಿ ಬೆಳೆದವನು ಹೇಳ್ತಿದ್ದೇನೆ. ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಮುಮ್ರಾ ಅಂತ ಸಿಗುತ್ತದೆ. ಪ್ಯಾಕೆಟ್ ಒಡೆದ ಮೇಲೆ ಮೆತ್ತಗಾಗಿದ್ದರೆ ಟ್ರೇನಲ್ಲಿ ಹರಡಿ ಓವನ್‌ನಲ್ಲಿ ಐದು ನಿಮಿಷ ಬಿಸಿ ಮಾಡಿ. ಗರಿಗರಿ ಆಗುತ್ತದೆ. ಗೊಜ್ಜು ಪೂರ್ತಿ ಆರಿರಬೇಕು. ಬಿಸಿ ಗೊಜ್ಜು ಹಾಕಿದರೆ ಮುದ್ದೆ.

ಬಾಹ್ಯಾಕಾಶಿ
ಟೀವಿ ಹಂಚಿಕೆಗೆ ಒಂದು ಮಾತು. ಮೊದಲ ಸುತ್ತಿನ ಗುರುವಾರ, ಶುಕ್ರವಾರ ದಿನಕ್ಕೆ ಹದಿನಾರು ಪಂದ್ಯ, ಮಧ್ಯಾಹ್ನದಿಂದ ನಡುರಾತ್ರಿವರೆಗೆ. ಟ್ರೆಕ್ ಕಂತು ಮುಕ್ಕಾಲು ಗಂಟೆ. ಪಂದ್ಯ ಕಾಯಲ್ಲ, ಟ್ರೆಕ್ ಕಾಯುತ್ತದೆ. ಸಂಜೆ ಪಂದ್ಯ ಶುರುವಾಗುವ ಮುಂಚೆ ಕಂತು ಮುಗಿಸಿಕೊಳ್ಳಿ. ಮಾವನವರಿಗೆ ನೇರವಾಗಿ ಕೇಳಿ. ಕಿಟಕಿ ಸರಳು ಹಿಡಿದು ನೋಡಿದ ಪೀಳಿಗೆ ನಮ್ಮದು, ಒಂದು ಟೀವಿಗೆ ಹತ್ತು ಜನ ಹೊಂದಿಕೊಂಡವರು.

ಸಬ್ಸಿಗೆ_ಸೊಪ್ಪು
ಶುಕ್ರವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ನಿನ್ನೆ ಏನಾಯಿತು ಅಂತ ಹೇಳಬೇಕು.

ಬುಧವಾರ ರಾತ್ರಿ ಮಾವನಿಗೆ ಕೇಳಿಯೇಬಿಟ್ಟೆ. "ಮಾವ, ನಾಳೆ ಪಂದ್ಯ ಇದೆ, ಒಂಬತ್ತಕ್ಕೆ ಟೀವಿ ನನಗೆ ಬೇಕಿತ್ತು" ಅಂದೆ. "ಅದಕ್ಕೇನಮ್ಮ, ನಾವು ಸಾಯಂಕಾಲವೇ ನೋಡ್ಕೋತೀವಿ. ನೀನು ಆಡ್ತಿದ್ದೆ ಅಂತ ನಂಗೆ ಗೊತ್ತೇ ಇರಲಿಲ್ಲ" ಅಂದರು. ಮದುವೆಯಾಗಿ ಹದಿನೆಂಟು ವರ್ಷ ಆಯಿತು. ನಾನು ಹೇಳಿಯೇ ಇರಲಿಲ್ಲ.

ಗೊಜ್ಜು ಮಧ್ಯಾಹ್ನವೇ ಆಯಿತು. ಎಂಟು ನಿಮಿಷ ಬಾಕಿ ಇದ್ದ ವಿರಾಮಕ್ಕೆ ನಾನು ಏಳೋಕೆ ಹೋದೆ. ಮಗಳು ಭುಜ ಹಿಡಿದು ಕೂರಿಸಿದಳು. ಅಡುಗೆಮನೆಯಲ್ಲಿ ಚಾಕು ಹಲಗೆಗೆ ತಾಗುವ ಸದ್ದು. ಮಾವ ಕನ್ನಡಕ ಹಣೆಗೇರಿಸಿ, ಕಣ್ಣೀರು ಒರೆಸಿಕೊಳ್ಳುತ್ತಾ ಈರುಳ್ಳಿ ಹೆಚ್ಚುತ್ತಿದ್ದರು. ತುಂಡುಗಳು ದಪ್ಪ ದಪ್ಪ. ಮಗ ಬೋಗುಣಿಯಲ್ಲಿ ಕೈ ಹಾಕಿ ಕಲಸಿದ, ಮೊಣಕೈವರೆಗೂ ಅರಿಶಿನ. ಪುಟಾಣಿ ಹಿಟ್ಟು ಜಾಸ್ತಿ ಬಿದ್ದು ಸ್ವಲ್ಪ ಒಣ ಒಣ ಆಗಿತ್ತು. ನಾಲ್ಕು ತಟ್ಟೆ ಖಾಲಿ ಆಯಿತು.

ಕೊನೆಯ ಎರಡು ನಿಮಿಷಕ್ಕೆ ಹದಿನಾಲ್ಕು ನಿಮಿಷ ಹಿಡಿಯಿತು. ಗಡಿಯಾರ ನೋಡಿಕೊಂಡು ಎಣಿಸಿದೆ. ಒಂದು ಸೆಕೆಂಡೂ ಬಿಡದೆ ಸೋಫಾದಲ್ಲೇ ಕೂತು ನೋಡಿದೆ. ಮಾವ ಪಕ್ಕದಲ್ಲಿ ಕೂತು ಯಾಕೆ ಬೇಕಂತಲೇ ಹೊಡೀತಾರೆ ಅಂತ ಕೇಳುತ್ತಿದ್ದರು. ಕೆನ್ಸಸ್ ಅಣ್ಣ ಹೇಳಿದ್ದನ್ನೇ ಹೇಳಿದೆ.

ಗೊಜ್ಜವಲಕ್ಕಿ
ಓದಿ ಕಣ್ಣು ತುಂಬಿತು. ಮಾವನವರ ಕೈಗೆ ಚಾಕು ಕೊಟ್ಟವರು ಯಾರು?

ಸಬ್ಸಿಗೆ_ಸೊಪ್ಪು
ಯಾರೂ ಕೊಟ್ಟಿಲ್ಲ. ಸಿಸ್ಕೊನ ಅಪ್ಪ ಹೋಟೆಲ್‌ನಲ್ಲಿ ಅಡುಗೆ ಮಾಡುವ ಕಂತು ಹಿಂದಿನ ವಾರ ನೋಡಿದ್ದರಂತೆ. ಮಗನಿಗೆ "ಬಾರೋ, ನಾವೂ ನೋಡೋಣ" ಅಂದರಂತೆ.

ಉಳ್ಳಾಗಡ್ಡಿ
ಈರುಳ್ಳಿ ದಪ್ಪ ಆದರ ನಡೀತದ ಅಕ್ಕಾ. ಹಿಟ್ಟು ಒಂದು ಮುಷ್ಟಿ ಕಡಿಮಿ ಹಾಕ್ರಿ, ಒಂದು ಚಮಚ ಎಣ್ಣೆ ಮೇಲಿಂದ.

ಫ್ರೀಥ್ರೋ
ಗೆದ್ದಿದ್ದು ಯಾರು ಅಂತ ಹೇಳಲೇ ಇಲ್ಲ. ನಾನಿನ್ನೂ ನೋಡಿಲ್ಲ, ಹೇಳಬೇಡಿ.

ಸಬ್ಸಿಗೆ_ಸೊಪ್ಪು
ಹೇಳಲ್ಲ. ಇವತ್ತು ಮಧ್ಯಾಹ್ನ ಮತ್ತೆ ಶುರು. ಮಾವ ಮಂಡಕ್ಕಿ ಇನ್ನೆರಡು ಪ್ಯಾಕೆಟ್ ಬೇಕು ಅಂದಿದ್ದಾರೆ, ತರೋಕೆ ಹೊರಟೆ.